ರೇಡಿಯೋ ಚಾನೆಲ್ 16ರಲ್ಲಿ ಕರೆದರೆ ಓಗೊಡುವವರು ಯಾರು?

ಇವರಿಗೆ,
ಕಡಲ ಮೀನುಗಾರಿಕೆ ಮತ್ತು ಹಡಗು ಸಂಚಾರದ ಸುರಕ್ಷತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳು

ವಿಷಯ: ಹಡಗು ಮತ್ತು ಮೀನುಗಾರಿಕಾ ಬೋಟುಗಳ ನಡುವಿನ ವಿಎಚ್‌ಎಫ್ ರೇಡಿಯೋ ಮಾತುಕತೆ, ಕಾಸರಗೋಡು ಕರಾವಳಿಯ ಬೇಡಿಕೆಗಳು

ಮಾನ್ಯರೇ,

ಮಂಜೇಶ್ವರದಿಂದ ಚೆರುವತ್ತೂರಿನವರೆಗಿನ ಯಾವ ದಡದಲ್ಲಿ ನಿಂತು ಇರುಳು ಪಡುವಕ್ಕೆ ನೋಡಿದರೂ ಕಾಣುವುದು ಬೋಟುಗಳ ಬೆಳಕು. ಹಡಗುಗಳು ಅದಕ್ಕೂ ಆಚೆ, ದಡದ ಕಣ್ಣಿಗೆ ಸಿಗದಷ್ಟು ದೂರದಲ್ಲಿ ಹೋಗುತ್ತವೆ. ಆದರೆ ಬಲೆ ಎಳೆದು ಸಾಗುವ ಟ್ರಾಲ್ ಬೋಟುಗಳೂ ಬಲೆ ಬಿಟ್ಟು ತೇಲುವ ಗಿಲ್‌ನೆಟ್ ಬೋಟುಗಳೂ ಮೀನಿನ ಬೆನ್ನು ಹತ್ತಿ 30–40 ನಾಟಿಕಲ್ ಮೈಲು ಹೋಗುವುದು ಇಲ್ಲಿ ಮಾಮೂಲು. ಇಬ್ಬರೂ ಒಂದೇ ನೀರಿನಲ್ಲಿ ಎದುರಾದರೆ ಏನಾಗುತ್ತದೆ ಎಂಬುದು ತಮಗೆ ತಿಳಿಯದ್ದಲ್ಲ. 2012ರ ಮಾರ್ಚ್ 1ರಂದು ಆಲಪ್ಪುಳದ ಕಡಲಲ್ಲಿ ಸರಕು ಹಡಗು ಬಡಿದು ಒಂದು ಬೋಟಿನ ಐವರು ಹೋದರು. 2017ರ ಜೂನ್ 11ರಂದು ಕೊಚ್ಚಿಯ ಹೊರಗಡಲಲ್ಲಿ ‘ಕಾರ್ಮೆಲ್ ಮಾತಾ’ ಬೋಟು ಮೂವರನ್ನು ಕಳೆದುಕೊಂಡಿತು. 2021ರ ಏಪ್ರಿಲ್ 13ರ ನಸುಕಿನಲ್ಲಿ ನಮ್ಮ ನೆರೆಯಲ್ಲೇ, ಮಂಗಳೂರಿನಿಂದ ಪಡುವಕ್ಕೆ ಸುಮಾರು 43 ಮೈಲಿನಲ್ಲಿ, ಬೇಪೂರಿನ ‘ರಬಾ’ ಬೋಟಿಗೂ ಸಿಂಗಾಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು ಹದಿನಾಲ್ಕು ಮಂದಿ, ಜೀವಂತ ಸಿಕ್ಕಿದವರು ಇಬ್ಬರು.

ನೈಋತ್ಯ ಕರಾವಳಿಯಲ್ಲಿ ಹಡಗಿನ ದಾರಿ ಬೇರೆ, ಮೀನುಗಾರಿಕೆಯ ನೀರು ಬೇರೆ ಎಂದು ಕೇಂದ್ರ ಸರ್ಕಾರ 2020ರ ಆಗಸ್ಟ್ 1ರಿಂದ ಗೆರೆ ಎಳೆದಿದೆ. ಒಳ್ಳೆಯ ಕೆಲಸ. ಆದರೆ ಮೇಲೆ ಹೇಳಿದ ಕೊನೆಯ ಡಿಕ್ಕಿ ಆದದ್ದು ಆ ಗೆರೆ ಬಂದ ಎಂಟು ತಿಂಗಳ ಮೇಲೆ. ನಕಾಶೆಯ ಗೆರೆಯನ್ನು ಬಂಗುಡೆ ಓದುವುದಿಲ್ಲ. ಮೀನು ಹೋದಲ್ಲಿಗೆ ಬೋಟೂ ಹೋಗುತ್ತದೆ. 2025ರ ಮೇ 2ರಂದು ವಿಳಿಂಜಂ ಬಂದರು ಉದ್ಘಾಟನೆಯಾದ ಮೇಲೆ ಈ ಕರಾವಳಿಯ ಉದ್ದಕ್ಕೂ ಓಡಾಡುವ ದೊಡ್ಡ ಹಡಗುಗಳು ಹೆಚ್ಚುವುದು ಸಹಜ. ಹಾಗಾಗಿ ಗೆರೆಯಾಚೆ ಎದುರುಬದುರಾದಾಗ ಇಬ್ಬರೂ ಏನು ಮಾತಾಡಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈಗಲೇ ಎತ್ತುತ್ತಿದ್ದೇವೆ.

ಬೋಟುಗಳಲ್ಲಿ ವಿಎಚ್‌ಎಫ್ ರೇಡಿಯೋ ಸೆಟ್ಟು ಇದೆ. ನಮ್ಮವರು ಅದಕ್ಕೆ ವಯರ್‌ಲೆಸ್ ಅನ್ನುತ್ತಾರೆ. ಮೀನು ಎಲ್ಲಿ ಬಿತ್ತು, ದರ ಎಷ್ಟಾಯಿತು, ಐಸು ಮುಗಿಯಿತೇ ಎಂಬ ಮಾತೆಲ್ಲ ತುಳು, ಮಲಯಾಳ, ಕೊಂಕಣಿ, ತಮಿಳಿನಲ್ಲಿ ಇಡೀ ರಾತ್ರಿ ಅದರಲ್ಲೇ ನಡೆಯುತ್ತದೆ. ಅದೇ ಸೆಟ್ಟಿನಲ್ಲಿ ಎದುರಿಂದ ಬರುತ್ತಿರುವ ಹಡಗನ್ನು ಕರೆದು ನಾಲ್ಕು ಮಾತಿನಲ್ಲಿ ವಿಷಯ ಮುಗಿಸಬಲ್ಲ ತಾಂಡೇಲರು (ಬೋಟು ನಡೆಸುವ ಮುಖ್ಯಸ್ಥರು) ಬಹಳ ಕಡಿಮೆ. ಇರುಳು ತಾಂಡೇಲ ಮಲಗಿದಾಗ ಚುಕ್ಕಾಣಿ ಹಿಡಿಯುವ ಕಲಾಸಿಗಂತೂ ಮೈಕ್ ಮುಟ್ಟಲೂ ಹೆದರಿಕೆ. ಸೆಟ್ಟು ಸಿಕ್ಕಿದೆ, ಅದರ ಭಾಷೆಯನ್ನು ಯಾರೂ ಕಲಿಸಿಲ್ಲ. ನಮ್ಮ ಮುಖ್ಯ ದೂರು ಇದು.

ರೇಡಿಯೋ ಒಂದೇ ಎಲ್ಲವನ್ನೂ ಸರಿಮಾಡುತ್ತದೆ ಎಂಬ ಭ್ರಮೆ ನಮಗಿಲ್ಲ. 1972ರ ಅಂತಾರಾಷ್ಟ್ರೀಯ ಘರ್ಷಣೆ ತಡೆ ನಿಯಮಾವಳಿಯಲ್ಲಿ, ಅಂದರೆ ಕೋಲ್‌ರೆಗ್‌ನಲ್ಲಿ, ರೇಡಿಯೋದಲ್ಲಿ ಮಾತಾಡಿ ದಾರಿ ಗೊತ್ತುಮಾಡಿಕೊಳ್ಳಿ ಎಂದು ಎಲ್ಲೂ ಹೇಳಿಲ್ಲ. 18ನೆಯ ನಿಯಮದ ಪ್ರಕಾರ ಬಲೆ ಎಳೆಯುತ್ತಿರುವ ಬೋಟಿಗೆ ಹಡಗೇ ದಾರಿ ಬಿಡಬೇಕು. 8ನೆಯ ನಿಯಮದ ಪ್ರಕಾರ ಅದನ್ನು ಹೊತ್ತಿಗೆ ಮುಂಚೆ, ಎದುರಿನವರಿಗೆ ಎದ್ದು ಕಾಣುವಂತೆ ಮಾಡಬೇಕು. ಮಾತಿನಲ್ಲಿ ಹೊತ್ತು ಕಳೆದು ಆದ ಅಪಘಾತಗಳಿಗೆ ನಾವಿಕರ ನಡುವೆ ‘ವಿಎಚ್‌ಎಫ್ ನೆರವಿನ ಡಿಕ್ಕಿ’ ಎಂಬ ಅಡ್ಡಹೆಸರೇ ಇದೆ. ಬ್ರಿಟನ್ನಿನ ಕಡಲ ಸುರಕ್ಷತಾ ಸಂಸ್ಥೆ ಈ ಬಗ್ಗೆ ತನ್ನ ಹಡಗುಗಳಿಗೆ ಲಿಖಿತ ಎಚ್ಚರಿಕೆ ಕೊಟ್ಟಿದೆ. ನಾವು ಕೇಳುತ್ತಿರುವುದು ನಿಯಮದ ಬದಲಿಗೆ ರೇಡಿಯೋ ಅಲ್ಲ. ನಿಯಮ ಪಾಲಿಸಬೇಕಾದ ಹಡಗಿಗೆ ‘ಇಲ್ಲಿ ಬೋಟಿದೆ, ಬಲೆ ನೀರಲ್ಲಿದೆ’ ಎಂದು ಹೊತ್ತಿಗೆ ಮುಂಚೆ ತಿಳಿಸುವ ರೇಡಿಯೋ.

ಹೊತ್ತಿಗೆ ಮುಂಚೆ ಅಂದರೆ ಎಷ್ಟು? ಕಂಟೇನರ್ ಹಡಗು 18 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 18 ನಾಟಿಕಲ್ ಮೈಲಿನಂತೆ ಬರುತ್ತಿದ್ದರೆ 6 ಮೈಲಿಗೆ 20 ನಿಮಿಷ, 3 ಮೈಲಿಗೆ 10 ನಿಮಿಷ, ಕೊನೆಯ ಒಂದು ಮೈಲಿಗೆ 3 ನಿಮಿಷ 20 ಸೆಕೆಂಡು. 50 ಮೀಟರ್ ಆಳದಲ್ಲಿ ಟ್ರಾಲ್ ಎಳೆಯುವ ಬೋಟು 200ರಿಂದ 250 ಮೀಟರ್ ವಯರು ಬಿಟ್ಟಿರುತ್ತದೆ, ಓಟ 3 ನಾಟ್ ಕೂಡ ಇರುವುದಿಲ್ಲ. ವಿಂಚ್ ತಿರುಗಿಸಿ, ಬಲೆಯ ಬಾಯಿ ಅಗಲಿಸುವ ಬೋರ್ಡು ಮೇಲೆ ಬಂದು ಬೋಟು ಹಗುರಾಗಲು ಕಾಲು ಗಂಟೆ ಬೇಕು. ಹಡಗು ಮೂರು ಮೈಲಿಗೆ ಬಂದ ಮೇಲೆ ಮೈಕ್ ಎತ್ತಿದರೆ ಬೋಟಿನ ಕೈಯಲ್ಲಿ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಆದ್ದರಿಂದ ಕರೆ ಆರೇಳು ಮೈಲಿನಲ್ಲೇ ಹೋಗಬೇಕು. ಹಡಗು ತೀರ ಹತ್ತಿರ ಬಂದರೆ ಇನ್ನೊಂದು ಕಷ್ಟ: ಹಡಗು ನಡೆಸುವ ಕೋಣೆಯಿಂದ, ಅಂದರೆ ಬ್ರಿಡ್ಜಿನಿಂದ ನೋಡುವವನಿಗೆ ಮೂತಿಯ ಮುಂದಿನ ನೀರು ಕಾಣುವುದಿಲ್ಲ. ಹಡಗಿನ ಎರಡು ಉದ್ದದಷ್ಟು ಅಥವಾ 500 ಮೀಟರ್, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮರೆಯನ್ನು ಅಂತಾರಾಷ್ಟ್ರೀಯ ನಿಯಮವೇ ಒಪ್ಪುತ್ತದೆ. ಅಷ್ಟರೊಳಗೆ ಸಿಕ್ಕಿದ ಬೋಟು ಹಡಗಿನವರ ಪಾಲಿಗೆ ಇಲ್ಲದ ಬೋಟು.

ಇನ್ನು ಸೆಟ್ಟಿನ ತಾಕತ್ತು. ವಿಎಚ್‌ಎಫ್ ಅಲೆ ಹೆಚ್ಚುಕಡಿಮೆ ನೇರಕ್ಕೆ ಹೋಗುವಂಥದ್ದು. ಎಷ್ಟು ದೂರ ಎಂಬುದನ್ನು ಆಂಟೆನಾದ ಎತ್ತರವೇ ತೀರ್ಮಾನಿಸುತ್ತದೆ. ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದು, ಎರಡರ ವರ್ಗಮೂಲ ಕೂಡಿಸಿ, 2.2ರಿಂದ ಗುಣಿಸಿದರೆ ನಾಟಿಕಲ್ ಮೈಲು ಸಿಗುತ್ತದೆ. ಬೋಟಿನದು 4 ಮೀಟರ್, ಹಡಗಿನದು 36 ಮೀಟರ್ ಎಂದಿಟ್ಟುಕೊಂಡರೆ ಎರಡು ಕೂಡಿಸು ಆರು, ಎಂಟು. ಎಂಟು ಗುಣಿಸು 2.2, ಸುಮಾರು ಹದಿನೇಳೂವರೆ ಮೈಲು. ಆರೇಳು ಮೈಲಿಗೆ ಇದು ಧಾರಾಳ. ಆದರೂ ನಮ್ಮ ಬೋಟಿನ ದನಿ ಹಡಗಿಗೆ ಯಾಕೆ ಮುಟ್ಟುವುದಿಲ್ಲ ಎಂದು ಬಿಚ್ಚಿ ನೋಡಿದರೆ ಕಾರಣಗಳು ತೀರ ಸಣ್ಣವು. ಆಂಟೆನಾದ ಬುಡದ ಕನೆಕ್ಟರಿಗೆ ಉಪ್ಪುನೀರು ಇಳಿದು ಒಳಗಿನ ತಾಮ್ರ ಹಸಿರು ಕಟ್ಟಿರುತ್ತದೆ. ಕೇಬಲ್ ಅಗ್ಗದ ತೆಳ್ಳನೆಯದು. ಹತ್ತು ಮೀಟರ್ ಎಳೆದರೆ ಮೂರರಲ್ಲಿ ಒಂದು ಪಾಲು ಶಕ್ತಿ ದಾರಿಯಲ್ಲೇ ಸೋರುತ್ತದೆ. 25 ವ್ಯಾಟಿನಲ್ಲಿ ಮಾತಾಡುವಾಗ ಸೆಟ್ಟಿಗೆ 12 ವೋಲ್ಟಿನ 5–6 ಆಂಪಿಯರ್ ಬೇಕು. ಬಲ್ಬಿನ ತಂತಿಯಲ್ಲಿ ಕರೆಂಟು ಕೊಟ್ಟಿದ್ದರೆ ಮಾತಾಡಲು ಮೈಕಿನ ಪಿಟಿಟಿ ಗುಂಡಿ ಒತ್ತಿದೊಡನೆ ವೋಲ್ಟೇಜು ಕುಸಿದು ಸೆಟ್ಟು ಆರಿಹೋಗುತ್ತದೆ. ಕೇಳುವಾಗ ಎಲ್ಲ ಸರಿ ಇರುತ್ತದೆ, ಏಕೆಂದರೆ ಕೇಳಲು ಅರ್ಧ ಆಂಪಿಯರ್ ಸಾಕು. ಹಾಗಾಗಿ ದೋಷ ಯಾರ ಗಮನಕ್ಕೂ ಬರುವುದಿಲ್ಲ. ಬಂದರಿನೊಳಗೆ ಮಾತಾಡಲು 1 ವ್ಯಾಟಿಗೆ ಇಳಿಸಿದ ಸ್ವಿಚ್ಚನ್ನು ಹೊರಗಡಲಿಗೆ ಬಂದ ಮೇಲೂ ಮೇಲೆತ್ತದಿರುವುದು, ಗರಗರ ಕೇಳಬಾರದೆಂದು ಸ್ಕ್ವೆಲ್ಚನ್ನು ಪೂರ್ತಿ ತಿರುಗಿಸಿ ದೂರದ ದನಿಯನ್ನೂ ಮುಚ್ಚುವುದು ಇನ್ನೆರಡು ಅಭ್ಯಾಸ. ಇವೆಲ್ಲ ಒಬ್ಬ ಮೆಕ್ಯಾನಿಕ್ ಅರ್ಧ ದಿನದಲ್ಲಿ ಸರಿಪಡಿಸುವ ಕೆಲಸಗಳು. ಕನೆಕ್ಟರ್ ಬದಲಿಸಿ ಮೇಲಿನಿಂದ ರಬ್ಬರ್ ಟೇಪು ಬಿಗಿಯಾಗಿ ಸುತ್ತಿದರೆ ಒಂದು ಮಳೆಗಾಲ ತೆಗೆಯಬಹುದು.

ಸೆಟ್ಟು ಸರಿಯಿದ್ದೂ ಮಾತು ಕೆಡುವ ಬಗೆ ಬೇರೆ. ಮೈಕನ್ನು ಸೀಟಿನ ಸಂದಿಗೆ ಸಿಕ್ಕಿಸಿಟ್ಟು ಗುಂಡಿ ಒತ್ತಿಕೊಂಡೇ ಇದ್ದರೆ ಆ ಒಂದು ಬೋಟಿನ ಎಂಜಿನ್ ಸದ್ದು ಸುತ್ತಲಿನ ಹತ್ತಾರು ಮೈಲಿನ ಚಾನೆಲನ್ನು ಮುಚ್ಚಿಬಿಡುತ್ತದೆ. ವಿಎಚ್‌ಎಫ್‌ನಲ್ಲಿ ಜೋರು ದನಿ ಮೆಲುದನಿಯನ್ನು ನುಂಗುತ್ತದೆ, ಎರಡೂ ಒಟ್ಟಿಗೆ ಕೇಳಿಸುವುದಿಲ್ಲ. ಗುಂಡಿ ಒತ್ತಿದ ಬೋಟಿನವನಿಗಂತೂ ಯಾವ ದನಿಯೂ ಕೇಳುವುದಿಲ್ಲವಾದ್ದರಿಂದ, ಕಡಲು ಇವತ್ತು ಶಾಂತವಾಗಿದೆ ಎಂದುಕೊಂಡು ಅವನು ನಿಶ್ಚಿಂತೆಯಿಂದಿರುತ್ತಾನೆ.

ಚಳಿಗಾಲದಿಂದ ಏಪ್ರಿಲಿನವರೆಗೆ ಬೀಳುವ ಬಿಸಿ-ತಂಪು ಗಾಳಿಯ ಪದರ ಇನ್ನೊಂದು ಮೋಸ ಮಾಡುತ್ತದೆ. ಆಗ ಅಲೆಗಳು ನೀರಿನ ಮೇಲೆ ಕೊಳವೆಯಲ್ಲಿ ಹರಿದಂತೆ ನೂರಾರು ಮೈಲು ಹೋಗುತ್ತವೆ. ಬೇಕಲದ ಪಡುವಲ್ಲಿ ನಿಂತು ‘ನನ್ನ ಎದುರಿನ ಹಡಗೇ’ ಎಂದು ಕರೆದರೆ ದೂರದ ಗೋವಾದ ಕಡೆಯ ಹಡಗೊಂದು ‘ಆಯಿತು, ಬಲಕ್ಕೆ ತಿರುಗಿಸುತ್ತೇನೆ’ ಎನ್ನಬಹುದು. ನಿಜಕ್ಕೂ ಎದುರಿಗಿರುವ ಹಡಗು ಕರೆ ಕೇಳಿಯೇ ಇರುವುದಿಲ್ಲ. ಬೋಟಿನವನು ನಂಬಿ ಸುಮ್ಮನಾಗುತ್ತಾನೆ. ಬೋಟಿನ ಹೆಸರು ಹೇಳಿಯೂ ಇದನ್ನು ತಪ್ಪಿಸಲಾಗದು. ಈ ಕರಾವಳಿಯಲ್ಲಿ ‘ಶ್ರೀ ದುರ್ಗಾ’, ‘ಅಲ್ ಅಮೀನ್’, ‘ಸೈಂಟ್ ಆಂಟನಿ’ ಎಷ್ಟಿವೆಯೋ ದೇವರೇ ಬಲ್ಲ. ಪೊಸಿಷನ್ ಹೇಳದ ಕರೆಯಿಂದ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು. ಜಿಪಿಎಸ್ ನೋಡಿ ಅಕ್ಷಾಂಶ, ರೇಖಾಂಶ ಓದುವುದು ಕಲಿಸಬೇಕಾದ ಮೊದಲ ಪಾಠ.

ಚಾನೆಲ್ 16, ಅಂದರೆ 156.800 ಮೆಗಾಹರ್ಟ್ಜ್, ಅಪಾಯ ಮತ್ತು ಕರೆಯ ಚಾನೆಲ್. ಹಡಗುಗಳು ಅದರಲ್ಲಿ ಕಿವಿ ಇಟ್ಟಿರಲೇಬೇಕು. 13 ಮತ್ತು 6 ಹಡಗು-ಹಡಗಿನ ಸುರಕ್ಷತಾ ಮಾತಿಗೆ. 16ರಲ್ಲಿ ಕರೆದು, ಓಗೊಟ್ಟ ಮೇಲೆ 13ಕ್ಕೋ 6ಕ್ಕೋ ಹೋಗುವುದು ಕ್ರಮ. ಹತ್ತು ನಿಮಿಷಕ್ಕಿಂತ ಕಡಿಮೆ ಹೊತ್ತು ಉಳಿದಿದ್ದರೆ ಚಾನೆಲ್ ಬದಲಿಸುವ ಗೊಂದಲ ಬೇಡ, 16ರಲ್ಲೇ ಮುಗಿಸಬೇಕು. ಬ್ರಿಡ್ಜಿನಲ್ಲಿರುವ ಅಧಿಕಾರಿ ಫಿಲಿಪೀನ್ಸಿನವನೋ ಉಕ್ರೇನಿನವನೋ ಆಗಿರಬಹುದು. ತೆಂಕು-ಬಡಗು ಅಂದರೆ ತುಳುವರಿಗೂ ಮಲಯಾಳಿಗರಿಗೂ ಅರ್ಥವಾದೀತು, ಅವನಿಗಲ್ಲ. ಅವನಿಗೂ ಇಂಗ್ಲಿಷು ಮನೆಮಾತಲ್ಲ ಎಂಬುದೇ ಇಲ್ಲಿ ಅನುಕೂಲ. ಅಂತಾರಾಷ್ಟ್ರೀಯ ಕಡಲ ಸಂಘಟನೆ ಇಂಥವರಿಗಾಗಿಯೇ ಗೊತ್ತುಮಾಡಿದ ಸಿದ್ಧ ವಾಕ್ಯಗಳಿವೆ. ನಮ್ಮ ತಾಂಡೇಲನಿಗೆ ಬೇಕಾಗುವುದು ಅವುಗಳಲ್ಲಿ ಆರೇಳು. ಬೇಕಲ ಕೋಟೆಗೆ ನೇರ ಪಡುವಲ್ಲಿ 30 ಮೈಲಿನಲ್ಲಿರುವ ಬೋಟು ಹೀಗೆ ಕರೆದರೆ ಸಾಕು:

“ಆಲ್ ಶಿಪ್ಸ್, ಆಲ್ ಶಿಪ್ಸ್, ಆಲ್ ಶಿಪ್ಸ್. ದಿಸ್ ಈಸ್ ಇಂಡಿಯನ್ ಫಿಶಿಂಗ್ ಬೋಟ್” — ಇಲ್ಲಿ ಬೋಟಿನ ಹೆಸರು ಮತ್ತು ನೋಂದಣಿಯ ಕೊನೆಯ ನಾಲ್ಕು ಅಂಕಿ — “ಪೊಸಿಷನ್ ಒನ್ ಟೂ ಡಿಗ್ರೀಸ್ ಟೂ ಟ್ರೀ ಮಿನಿಟ್ಸ್ ನಾರ್ತ್, ಜೀರೋ ಸೆವೆನ್ ಫೋವರ್ ಡಿಗ್ರೀಸ್ ಟ್ರೀ ಒನ್ ಮಿನಿಟ್ಸ್ ಈಸ್ಟ್. ಐ ಆಮ್ ಟ್ರಾಲಿಂಗ್. ಮೈ ನೆಟ್ ಈಸ್ ಟ್ರೀ ಜೀರೋ ಜೀರೋ ಮೀಟರ್ಸ್ ಅಸ್ಟರ್ನ್. ಬಿಗ್ ಶಿಪ್ ಸಿಕ್ಸ್ ಮೈಲ್ಸ್ ಸೌತ್ ಆಫ್ ಮಿ, ವಾಟ್ ಆರ್ ಯುವರ್ ಇಂಟೆನ್ಷನ್ಸ್? ಓವರ್.”

ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಫಿಫ್ಟೀನ್, ಫಿಫ್ಟಿ ಎರಡೂ ಗರಗರದಲ್ಲಿ ಒಂದೇ. ‘ತ್ರೀ’ಯನ್ನು ‘ಟ್ರೀ’ ಅನ್ನುವುದು, ‘ಫೈವ್’ ಅನ್ನು ‘ಫೈಫ್’ ಅನ್ನುವುದು, ‘ನೈನ್’ ಅನ್ನು ‘ನೈನರ್’ ಅನ್ನುವುದು ತಪ್ಪು ಉಚ್ಚಾರವಲ್ಲ, ಅದೇ ಕಡಲಿನ ಕ್ರಮ. ನಮ್ಮವರ ನಾಲಿಗೆಗೂ ಅದೇ ಸಲೀಸು. ‘ರೈಟ್’ ಎಂಬ ಪದವನ್ನು ಮಾತ್ರ ಬಾಯಿಗೇ ತರಬಾರದು. ಬಲಕ್ಕೆ ಎಂದೋ, ಸರಿ ಎಂದೋ? ನನ್ನ ಬಲವೋ, ನಿನ್ನ ಬಲವೋ? ಸ್ಟಾರ್‌ಬೋರ್ಡ್ ಅಂದರೆ ಅವರವರ ಬಲಗಡೆ, ಹಸಿರು ದೀಪದ ಕಡೆ. ಪೋರ್ಟ್ ಅಂದರೆ ಎಡಗಡೆ, ಕೆಂಪು ದೀಪದ ಕಡೆ. ಪೋರ್ಟ್ ಅಂದರೆ ಬಂದರು ಎಂದು ತಿಳಿದವರೂ ಇದ್ದಾರೆ ಎಂಬುದನ್ನು ತರಬೇತಿ ಕೊಡುವವರು ನೆನಪಿಡಬೇಕು.

ಎರಡು ಸಲ ಕರೆದೂ ಉತ್ತರ ಬಾರದಿದ್ದರೆ ಮೂರನೆಯ ಸಲಕ್ಕೆ ಹೊತ್ತು ಕಳೆಯಬಾರದು. ಹಾರ್ನಿನಲ್ಲಿ ಐದು ಗಿಡ್ಡ ಸದ್ದು, ಬೆಳಕಿನಲ್ಲಿ ಐದು ಮಿಂಚು. ನಿನ್ನ ಉದ್ದೇಶ ನನಗೆ ಅರ್ಥವಾಗುತ್ತಿಲ್ಲ ಎಂಬುದಕ್ಕೆ 34ನೆಯ ನಿಯಮದ ಗುರುತು ಇದು. ಹಡಗು ತಿರುಗಿದೆಯೇ ಎಂಬುದನ್ನು ಅವರ ಮಾತಿನಿಂದಲ್ಲ, ದೀಪಗಳಿಂದ ತಿಳಿಯಬೇಕು. ಕೆಂಪು-ಹಸಿರು ಎರಡೂ ಒಟ್ಟಿಗೆ ಕಾಣುತ್ತಿದ್ದರೆ ಅದು ನೇರ ನಿಮ್ಮ ಮೇಲೆಯೇ ಬರುತ್ತಿದೆ.

ನಮ್ಮವರ ತಪ್ಪನ್ನೂ ಹೇಳಿಬಿಡುತ್ತೇವೆ. ಟ್ರಾಲ್ ಎಳೆಯುವ ಬೋಟು ಹಸಿರಿನ ಕೆಳಗೆ ಬಿಳಿ ದೀಪ, ಬೇರೆ ಬಲೆಯವರು ಕೆಂಪಿನ ಕೆಳಗೆ ಬಿಳಿ ದೀಪ ಹಾಕಬೇಕು. ಡೆಕ್ಕಿನ ಮೇಲೆ ಉರಿಯುವ ಎಲ್‌ಇಡಿ ಫ್ಲಡ್‌ಲೈಟುಗಳ ಎದುರು ಈ ದೀಪಗಳು ಇದ್ದೂ ಇಲ್ಲದಂತೆ. ದೂರದ ಹಡಗಿಗೆ ಕಾಣುವುದು ಒಂದು ಬಿಳಿ ಗುಡ್ಡೆ. ಅದರಲ್ಲಿ ಯಾರು ಎಳೆಯುತ್ತಿದ್ದಾರೆ, ಯಾರು ಲಂಗರು ಹಾಕಿದ್ದಾರೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಬಲೆ ನೀರಲ್ಲಿಲ್ಲದೆ ಸುಮ್ಮನೆ ಓಡುವಾಗಲೂ ಹಸಿರು-ಬಿಳಿ ಉರಿಸಿಕೊಂಡು ಹೋಗುವವರಿದ್ದಾರೆ. ಅಂಥವರಿಂದಾಗಿ ಆ ದೀಪದ ಮೇಲಿನ ನಂಬಿಕೆಯೇ ಹೋಗುತ್ತದೆ. ಮೀನಿನ ದರದ ಹರಟೆಗೆ 16ನ್ನು ಬಳಸುವವರ ಪರವಾಗಿ ನಾವು ಮಾತಾಡುವುದಿಲ್ಲ. ದಂಡ ಹಾಕಿದರೂ ಒಪ್ಪುತ್ತೇವೆ, ಕಲಿಸಿದ ಮೇಲೆ.

ಈಗ ಬೇಡಿಕೆಗಳಿಗೆ ಬರುತ್ತೇವೆ.

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳು ಕನ್ನಡ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಸರ್ಕಾರವೇ ಒಪ್ಪಿದೆ. ಸುರಕ್ಷತೆಯ ತರಬೇತಿ, ಕೈಪಿಡಿ, ಎಚ್ಚರಿಕೆಯ ಸಂದೇಶ ಇವು ಮಲಯಾಳದ ಜತೆಗೆ ಕನ್ನಡದಲ್ಲೂ ಬೇಕು. ಪಾಠ ಹೇಳುವವರಿಗೆ ತುಳು ಬಂದರೆ ಇನ್ನೂ ಒಳ್ಳೆಯದು. ಮೇಲೆ ಬರೆದಂಥ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಮತ್ತು ಮಲಯಾಳ ಲಿಪಿಯಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಸಿ ಪ್ರತಿ ಬೋಟಿನ ಚುಕ್ಕಾಣಿಯ ಪಕ್ಕ ಅಂಟಿಸಬೇಕು. ತರಬೇತಿ ಸಭಾಂಗಣದ ಭಾಷಣವಾದರೆ ಬೇಡ. ಎರಡು ಸೆಟ್ಟು, ಎರಡು ಬ್ಯಾಟರಿ, ಒಬ್ಬ ಹಡಗಿನವನಾಗಿ, ಒಬ್ಬ ಬೋಟಿನವನಾಗಿ ಮೈಕ್ ಹಿಡಿದು ಕಲಿಯಬೇಕು. ತಾಂಡೇಲನೊಂದಿಗೆ ಇರುಳು ಚುಕ್ಕಾಣಿ ಹಿಡಿಯುವವನೂ ಕೂರಬೇಕು.

ಪ್ರತಿ ವರ್ಷದ ಪರವಾನಗಿ ತಪಾಸಣೆಯಲ್ಲಿ ಲೈಫ್ ಜಾಕೆಟ್ ಎಣಿಸಿದಂತೆ ರೇಡಿಯೋವನ್ನೂ ಪರೀಕ್ಷಿಸಿ. ಸೆಟ್ಟು ಇದೆಯೇ ಎಂದು ನೋಡಿ ಟಿಕ್ ಹಾಕಿದರೆ ಸಾಲದು. 25 ವ್ಯಾಟಿನಲ್ಲಿ ದನಿ ಹೊರಡುತ್ತದೆಯೇ ಎಂದು ಮೀಟರ್ ಇಟ್ಟು ನೋಡಬೇಕು. ಹೊಸ ಸೆಟ್ಟುಗಳಲ್ಲಿ ಮುಚ್ಚಳದಡಿ ಕೆಂಪು ಗುಂಡಿಯೊಂದಿದೆ. ಒತ್ತಿ ಹಿಡಿದರೆ ಚಾನೆಲ್ 70ರ ಮೂಲಕ ಸುತ್ತಲಿನ ಎಲ್ಲ ಹಡಗುಗಳಲ್ಲೂ ಅಲಾರಂ ಬಡಿಯುತ್ತದೆ, ಆದರೆ ಸೆಟ್ಟಿನೊಳಗೆ ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಯ ಸಂಖ್ಯೆ ತುಂಬಿದ್ದರೆ ಮಾತ್ರ. ಭಾರತದ್ದಾದರೆ ಅದು 419ರಿಂದ ಶುರುವಾಗುತ್ತದೆ. ಈ ಸಂಖ್ಯೆ ಖಾಲಿಯಿರುವ ಸೆಟ್ಟಿನ ಕೆಂಪು ಗುಂಡಿ ಬರೀ ಅಲಂಕಾರ. ಬೋಟಿನ ನೋಂದಣಿ ಮಾಡುವ ಮೇಜಿನಲ್ಲೇ ಈ ಸಂಖ್ಯೆಯೂ ವಯರ್‌ಲೆಸ್ ಪರವಾನಗಿಯೂ ಸಿಗುವಂತಾಗಲಿ.

ಒಂದು ಲಕ್ಷ ಬೋಟುಗಳಿಗೆ ಉಪಗ್ರಹ ಟ್ರಾನ್ಸ್‌ಪಾಂಡರ್ ಅಳವಡಿಸುವ 364 ಕೋಟಿ ರೂಪಾಯಿಯ ಕೇಂದ್ರ ಯೋಜನೆ 2024ರ ಆಗಸ್ಟ್ 30ರಂದು ಶುರುವಾಗಿದೆ. ಚಂಡಮಾರುತದ ಸುದ್ದಿಗೆ, ಎಂಜಿನ್ ಕೆಟ್ಟಾಗ ದಡಕ್ಕೆ ತಿಳಿಸಲು ಅದು ಬೇಕು. ಆದರೆ ಆ ಪೆಟ್ಟಿಗೆ ಮಾತಾಡುವುದು ದಡದೊಂದಿಗೆ. ಎದುರಿನ ಹಡಗಿನ ಪರದೆಯ ಮೇಲೆ ಬೋಟು ಕಾಣಬೇಕಾದರೆ ಎಐಎಸ್, ಅಂದರೆ ತನ್ನ ಗುರುತನ್ನೂ ಸ್ಥಾನವನ್ನೂ ತಾನಾಗಿ ರೇಡಿಯೋದಲ್ಲಿ ಸಾರುವ ಯಂತ್ರ ಬೇಕು. ಅದರಲ್ಲೂ ಅಗ್ಗದ ಬಿ ದರ್ಜೆಯದರ ಮಿತಿ ತಿಳಿದಿರಲಿ: ಬೋಟು 2 ನಾಟ್ ಮೀರಿ ಓಡುತ್ತಿದ್ದರೆ 30 ಸೆಕೆಂಡಿಗೊಮ್ಮೆ, ಅದಕ್ಕಿಂತ ನಿಧಾನವಾದರೆ ಮೂರು ನಿಮಿಷಕ್ಕೊಮ್ಮೆ ಮಾತ್ರ ಅದು ತನ್ನ ಸ್ಥಾನ ಹೇಳುತ್ತದೆ. ಗಿಲ್‌ನೆಟ್ ಬಿಟ್ಟು ತೇಲುವ ಬೋಟು ಈ ಎರಡನೆಯ ಗುಂಪು. ಮೂರು ನಿಮಿಷದಲ್ಲಿ 18 ನಾಟಿನ ಹಡಗು ಹತ್ತಿರಹತ್ತಿರ ಒಂದು ಮೈಲು ದಾಟಿರುತ್ತದೆ. ಆದ್ದರಿಂದ ಎಐಎಸ್ ಕೊಟ್ಟರೂ ಮೈಕಿನ ಪಾಠ ತಪ್ಪಿಸುವಂತಿಲ್ಲ.

ಹಡಗು ಸಂಚಾರದ ಅಧಿಕಾರಿಗಳಲ್ಲಿ ಒಂದು ವಿಶೇಷ ವಿನಂತಿ. ದೊಡ್ಡ ಹಡಗುಗಳಲ್ಲಿ ವಾಯೇಜ್ ಡೇಟಾ ರೆಕಾರ್ಡರ್ ಇರುತ್ತದೆ. ಬ್ರಿಡ್ಜಿನ ಮಾತು, ವಿಎಚ್‌ಎಫ್ ಮಾತು, ರೇಡಾರ್ ಚಿತ್ರ ಎಲ್ಲ ಅದರಲ್ಲಿ ದಾಖಲಾಗುತ್ತದೆ. ಬೋಟು 16ರಲ್ಲಿ ಕರೆದಿತ್ತೇ, ಹಡಗಿಗೆ ಕೇಳಿತ್ತೇ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. 2014ರ ಜುಲೈ 1ರ ನಂತರ ಅಳವಡಿಸಿದ ಯಂತ್ರಗಳಲ್ಲಿ ದಾಖಲೆ 30 ದಿನ ಉಳಿಯುತ್ತದೆ. ಹಳೆಯ ಯಂತ್ರಗಳಿಗೆ ಇರುವ ಕಡ್ಡಾಯ 12 ಗಂಟೆ ಮಾತ್ರ. ಆಮೇಲೆ ಹೊಸ ದಾಖಲೆ ಹಳೆಯದರ ಮೇಲೆ ಕೂರುತ್ತದೆ. ಡಿಕ್ಕಿಯ ದೂರು ಕೋಸ್ಟ್ ಗಾರ್ಡಿನ 1554ಕ್ಕೋ ಕರಾವಳಿ ಪೊಲೀಸರ 1093ಕ್ಕೋ ಬಂದ ಕೂಡಲೇ, ಆ ಹೊತ್ತಿನಲ್ಲಿ ಆ ಜಾಗದ ಸುತ್ತ ಇದ್ದ ಎಲ್ಲ ಹಡಗುಗಳಿಗೂ ರೆಕಾರ್ಡರ್ ಉಳಿಸಿಡುವ ಆದೇಶ ಹೋಗಬೇಕು. ಯಾವ ಹಡಗು ಎಂಬ ತನಿಖೆ ಮುಗಿಯಲಿ ಎಂದು ಕಾದರೆ 12 ಗಂಟೆ ಅದರಲ್ಲೇ ಮುಗಿಯುತ್ತದೆ.

ಕೊನೆಯದಾಗಿ, ದಡದ ಒಂದು ಕೇಂದ್ರದಿಂದ ದಿನಕ್ಕೆರಡು ಸಲ ರೇಡಿಯೋ ಚೆಕ್ ನಡೆಯಲಿ. ಬೋಟು ಕರೆಯುವುದು, ದಡ ಓಗೊಡುವುದು, ಅಷ್ಟೇ. ಮಂಗಳೂರು, ಮಲ್ಪೆಯ ಬೋಟುಗಳೂ ಇದೇ ನೀರಿಗೆ ಬರುವುದರಿಂದ ಕರ್ನಾಟಕದವರೊಂದಿಗೆ ಮಾತಾಡಿ ಎರಡೂ ಕಡೆಗೆ ಒಂದೇ ಕ್ರಮ ಮಾಡಿದರೆ ಅನುಕೂಲ.

ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಗೆ ಶುರುವಾಗಿ 52 ದಿನ ಇರುತ್ತದೆ. ಬೋಟುಗಳು ಬಂದರಿನಲ್ಲಿ, ತಾಂಡೇಲರು ಮನೆಯಲ್ಲಿ. ಆ ದಿನಗಳಲ್ಲಿ ತರಬೇತಿಯ ದಿನ ಗೊತ್ತುಮಾಡಿ ತಿಳಿಸಿ. ಜನ ಸೇರಿಸುವ, ಸೆಟ್ಟು-ಬ್ಯಾಟರಿ ತರುವ, ಕೆಟ್ಟ ಕನೆಕ್ಟರುಗಳನ್ನು ಎಲ್ಲರೆದುರು ಬಿಚ್ಚಿ ತೋರಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡಲಿನಲ್ಲಿ ಬೋಟು ನಡೆಸುವವರು ಮತ್ತು ವಯರ್‌ಲೆಸ್ ರಿಪೇರಿಯ ಕೆಲಸದವರು